ಬಂದ ಹಡಗು, ಹೋದ ಹಡಗು

ಏಳು ರಾತ್ರಿ, ಆರು ಬಂದರು, ನಾಲ್ಕು ದೇಶ. ಪಶ್ಚಿಮ ಮೆಡಿಟರೇನಿಯನ್ ಸಮುದ್ರದ ಒಂದು ವಾರದ ಕ್ರೂಸ್ ಎಂದರೆ ಸಾಮಾನ್ಯವಾಗಿ ಇಷ್ಟು. ಇಟಲಿಯ ಜಿನೋವಾದಲ್ಲಿ ಹಡಗು ಹತ್ತಿ, ನೇಪಲ್ಸ್, ಮೆಸ್ಸಿನಾ, ಮಾಲ್ಟಾದ ವಲೆಟ್ಟಾ, ಬಾರ್ಸಿಲೋನಾ, ಮಾರ್ಸೇ ಮುಗಿಸಿಕೊಂಡು ಎಂಟನೇ ದಿನ ಬೆಳಗಿನ ತಿಂಡಿ ಹೊತ್ತಿಗೆ ಮತ್ತೆ ಜಿನೋವಾ. ಪೂರ್ವಕ್ಕೆ ತಿರುಗಿದರೆ ಡುಬ್ರೊವ್ನಿಕ್, ಕೋಟರ್, ಕೊರ್ಫು, ಸ್ಯಾಂಟೊರಿನಿ. ಸೂಟ್‌ಕೇಸ್ ಒಂದೇ ಸಲ ಬಿಚ್ಚಿದರಾಯಿತು, ಹೋಟೆಲೇ ಊರಿಂದೂರಿಗೆ ಕರೆದೊಯ್ಯುತ್ತದೆ. ಮಂಡಿನೋವಿನ ಅಪ್ಪ ಅಮ್ಮನಿಗೆ ಯುರೋಪ್ ತೋರಿಸಬೇಕೆನ್ನುವ ಬೆಂಗಳೂರಿನ ಮಗಳಿಗೆ ರೈಲು, ಟ್ಯಾಕ್ಸಿ, ಲಿಫ್ಟಿಲ್ಲದ ಹಳೇ ಲಾಡ್ಜುಗಳ ತಾಪತ್ರಯಕ್ಕಿಂತ ಇದು ಸಾವಿರ ಪಾಲು ವಾಸಿ. ಆ ಅನುಕೂಲವನ್ನು ಹೀಯಾಳಿಸುವುದು ಸಲ್ಲದು. ತಕರಾರು ಇರುವುದು ಬೇರೆ ಕಡೆ. ಜಾಹೀರಾತಿನಲ್ಲಿ ಮಾರುವುದು ಊರುಗಳನ್ನು. ಪ್ರಯಾಣಿಕನ ಕೈಗೆ ಸಿಗುವುದು ಬಹುಪಾಲು ಊರಬಾಗಿಲು.

ಮೊದಲು ಹೆಸರುಗಳನ್ನೇ ನೋಡಿ. ಬ್ರೋಷರಿನಲ್ಲಿ ರೋಮ್ ಎಂದಿದ್ದರೆ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ರೋಮ್ ಅಲ್ಲಿಂದ 70 ಕಿಲೋಮೀಟರಿಗೂ ಆಚೆ. ಫ್ಲಾರೆನ್ಸ್ ಎಂದರೆ ಲಿವೋರ್ನೊ ಬಂದರು, ಮತ್ತೆ ಅಷ್ಟೇ ದೂರದ ಬಸ್ ಪ್ರಯಾಣ. ಮೈಸೂರಿಗೆ ಟಿಕೆಟ್ ಕೊಟ್ಟು ಚನ್ನಪಟ್ಟಣದಲ್ಲಿ ಇಳಿಸಿದ ಹಾಗೆ. ವೆನಿಸ್ಸಿನ ಕಥೆ ಇನ್ನೂ ಸ್ವಾರಸ್ಯ. 2019ರ ಜೂನ್ 2ರಂದು ದೊಡ್ಡ ಕ್ರೂಸ್ ಹಡಗೊಂದು ಅಲ್ಲಿನ ಜುದೆಕ್ಕಾ ಕಾಲುವೆಯಲ್ಲಿ ಹಿಡಿತ ತಪ್ಪಿ ಧಕ್ಕೆಗೂ ಪಕ್ಕದಲ್ಲಿದ್ದ ಪ್ರವಾಸಿ ದೋಣಿಗೂ ಗುದ್ದಿತು. ವರ್ಷಗಳಿಂದ ಕೂಗುತ್ತಿದ್ದ ಊರವರ ಮಾತಿಗೆ ಆಗ ಬಲ ಬಂತು. 2021ರ ಆಗಸ್ಟ್ 1ರಿಂದ 25,000 ಟನ್ನಿಗೂ ಮೀರಿದ ಹಡಗುಗಳು ಆ ಕಾಲುವೆಗೂ ಸಂತ ಮಾರ್ಕನ ಚೌಕದ ಮುಂದಿನ ನೀರಿಗೂ ಬರಕೂಡದೆಂದು ಇಟಲಿ ಸರ್ಕಾರ ಆದೇಶಿಸಿತು. ಈಗ ವೆನಿಸ್ ಹೆಸರಿನಲ್ಲಿ ಟಿಕೆಟ್ ಕೊಂಡ ಎಷ್ಟೋ ಜನ ಇಳಿಯುವುದು ರಾವೆನ್ನಾದಲ್ಲೋ ಟ್ರಿಯೆಸ್ಟ್‌ನಲ್ಲೋ.

ಇನ್ನು ಗಡಿಯಾರದ ಲೆಕ್ಕ. ಬೆಳಿಗ್ಗೆ ಏಳು ಎಂಟಕ್ಕೆ ಹಡಗು ಧಕ್ಕೆ ಸೇರಿದರೆ ಸಂಜೆ ನಾಲ್ಕೂವರೆ ಐದಕ್ಕೆಲ್ಲ ಎಲ್ಲರೂ ವಾಪಸ್ ಹತ್ತಿರಬೇಕು. ಮೂರು, ನಾಲ್ಕು, ಕೆಲವೊಮ್ಮೆ ಆರು ಸಾವಿರ ಮಂದಿ ಇಳಿಯಬೇಕು, ಬಸ್ಸು ಹತ್ತಬೇಕು, ತಲೆ ಎಣಿಸಬೇಕು. ರೋಮಿಗೆ ಹೋಗಿಬರುವುದರಲ್ಲೇ ಮೂರು ತಾಸು ಕರಗುತ್ತದೆ. ಉಳಿದ ಹೊತ್ತಿನಲ್ಲಿ ಕೊಲೋಸಿಯಂ, ವ್ಯಾಟಿಕನ್, ಒಂದು ಕಾರಂಜಿ, ಒಂದು ಐಸ್‌ಕ್ರೀಮ್. ಊಟಕ್ಕೆ ಹಡಗಿನಲ್ಲಿ ಮೊದಲೇ ದುಡ್ಡು ಕಟ್ಟಿಯಾಗಿದೆ, ಊರಿನ ಹೋಟೆಲಿನಲ್ಲಿ ಕೂತು ಉಣ್ಣಲು ಮನಸ್ಸು ಬರುವುದಿಲ್ಲ. ಊರಿಗೆ ಸಿಗುವುದು ಕಾಫಿ, ಫ್ರಿಜ್ ಮ್ಯಾಗ್ನೆಟ್, ಶೌಚಾಲಯದ ಚಿಲ್ಲರೆ.

ಸಂಜೆಯಾಗುತ್ತಲೇ ಹೊರಡುವ ಅವಸರ ಏಕೆ? ರಾತ್ರಿಯಲ್ಲಿ ಸಾಗಿ ಬೆಳಗಾಗುವಷ್ಟರಲ್ಲಿ ಮುಂದಿನ ಊರು ಮುಟ್ಟಬೇಕೆನ್ನುವುದು ಒಂದು ಕಾರಣ. ಇನ್ನೊಂದನ್ನು ಬ್ರೋಷರ್ ಹೇಳುವುದಿಲ್ಲ. ಬಹುತೇಕ ಬಂದರುಗಳಲ್ಲಿ ಹಡಗು ಕಟ್ಟಿ ನಿಂತಿರುವಷ್ಟು ಹೊತ್ತು ಅದರೊಳಗಿನ ಕ್ಯಾಸಿನೊ ಮತ್ತು ಸುಂಕವಿಲ್ಲದ ಅಂಗಡಿಗಳು ಬಾಗಿಲು ಹಾಕಿರಬೇಕು. ತೀರ ಬಿಟ್ಟ ಮೇಲೆಯೇ ಅಲ್ಲಿ ವ್ಯಾಪಾರ. ಜೊತೆಗೆ ಬಾರು, ಸ್ಪಾ, ಫೋಟೊ, ವಿಶೇಷ ರೆಸ್ಟೋರೆಂಟು. ಪ್ರಯಾಣಿಕರು ಊರಲ್ಲಿ ಕಳೆದ ರಾತ್ರಿ ಹಡಗಿನ ಗಲ್ಲಾಪೆಟ್ಟಿಗೆಗೆ ನಷ್ಟ. ಈ ಒಂದು ಸಂಗತಿ ಗೊತ್ತಾದರೆ ವೇಳಾಪಟ್ಟಿ ಹಾಗೇಕಿದೆ ಎಂದು ಬೇರೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದರ ಪರಿಣಾಮ ಕಾಣಬೇಕಿದ್ದರೆ ಕ್ರೊಯೇಷಿಯಾದ ಡುಬ್ರೊವ್ನಿಕ್ ನೋಡಬೇಕು. ಹಡಗುಗಳು ನಿಲ್ಲುವುದು ಗ್ರೂಜ್ ಬಂದರಿನಲ್ಲಿ. ಅಲ್ಲಿಂದ ಬಸ್ಸುಗಳು ಜನರನ್ನು ತಂದು ಸುರಿಯುವುದು ಹಳೇ ಪಟ್ಟಣದ ಪಶ್ಚಿಮದ ಪೀಲೆ ಬಾಗಿಲ ಮುಂದೆ. ಎದೆಗೆ ಅಂಟಿಸಿಕೊಂಡ ನಂಬರಿನ ಸ್ಟಿಕ್ಕರ್, ಕಿವಿಯಲ್ಲಿ ಗೈಡಿನ ದನಿ, ಗೈಡಿನ ಕೈಯಲ್ಲಿ ಎತ್ತಿ ಹಿಡಿದ ಫಲಕ. ಬಾಗಿಲು ದಾಟಿದರೆ ಎದುರಿಗೆ ಒನೋಫ್ರಿಯೊ ಕಾರಂಜಿ, 15ನೇ ಶತಮಾನದ್ದು, ಇವತ್ತಿಗೂ ಬಾಟಲಿ ಹಿಡಿದರೆ ಕುಡಿಯುವ ನೀರು. ಅಲ್ಲಿಂದ ಆಚೆ ತುದಿಯ ಗಡಿಯಾರ ಗೋಪುರದವರೆಗೆ ಸ್ತ್ರಾದೂನ್ ಎಂಬ ನೇರ ಬೀದಿ. ಹಾಸಿದ ಸುಣ್ಣಕಲ್ಲು ಶತಮಾನಗಳ ಕಾಲ್ತುಳಿತಕ್ಕೆ ಎಷ್ಟು ನುಣುಪಾಗಿದೆಯೆಂದರೆ ಬಿಸಿಲಿದ್ದರೂ ಒದ್ದೆಯಿದ್ದಂತೆ ಹೊಳೆಯುತ್ತದೆ. ಎಡಬಲದ ಗಲ್ಲಿಗಳಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಬಟ್ಟೆ ಒಣಹಾಕಿದ ಕಿಟಕಿಗಳಿವೆ, ಬೆಕ್ಕುಗಳಿವೆ. ಆದರೆ ಫಲಕ ಅತ್ತ ತಿರುಗುವುದಿಲ್ಲ, ನಂಬರ್ ಹಿಂದಿರುವ ಜನರೂ ತಿರುಗುವುದಿಲ್ಲ. ಒಂದು ಟಿವಿ ಧಾರಾವಾಹಿಯಲ್ಲಿ ಬಂದುಹೋದ ಮೆಟ್ಟಿಲುಗಳ ಮುಂದೆ ಮಾತ್ರ ಫೋಟೊಕ್ಕೆ ಕ್ಯೂ. 1991ರಲ್ಲಿ ಕೋಟೆಯೊಳಗೆ ಐದು ಸಾವಿರದಷ್ಟು ಜನ ವಾಸವಿದ್ದರು. ಈಗ ಎರಡು ಸಾವಿರವೂ ಇಲ್ಲ. ಮನೆಗಳು ಬಾಡಿಗೆ ಕೋಣೆಗಳಾದವು, ದಿನಸಿ ಅಂಗಡಿಗಳು ಸ್ಮರಣಿಕೆ ಅಂಗಡಿಗಳಾದವು. ಅದಕ್ಕೆಲ್ಲ ಕ್ರೂಸೊಂದೇ ಕಾರಣವಲ್ಲ, ನಿಜ. ಆದರೆ ಬೆಳಿಗ್ಗೆ ಹತ್ತಕ್ಕೆ ಉಕ್ಕಿ ಸಂಜೆ ಐದಕ್ಕೆ ಬತ್ತಿಹೋಗುವ ಈ ಜಾತ್ರೆ ಹಡಗುಗಳದ್ದೇ.

ಇದರಲ್ಲೊಂದು ಚೋದ್ಯವಿದೆ. ಹಡಗಿಗೆ ಕಾಯುವುದನ್ನು ಕಲಿಸಿದ್ದೇ ಈ ಊರು. ರಗೂಸಾ ಎಂಬ ಹೆಸರಿನಲ್ಲಿ ಸ್ವತಂತ್ರ ಗಣರಾಜ್ಯವಾಗಿದ್ದಾಗ, 1377ರಲ್ಲಿ, ಪ್ಲೇಗ್ ಇರುವ ಕಡೆಯಿಂದ ಬಂದವರು ಹತ್ತಿರದ ದ್ವೀಪದಲ್ಲೋ ಪಕ್ಕದ ಊರಿನಲ್ಲೋ ಒಂದು ತಿಂಗಳು ಕಳೆಯದೆ ಒಳಗೆ ಕಾಲಿಡಕೂಡದೆಂದು ಅದು ಕಾನೂನು ಮಾಡಿತು. ಕ್ವಾರಂಟೈನ್ ಪದ್ಧತಿಯ ಮೊದಲ ಲಿಖಿತ ಕಾನೂನುಗಳಲ್ಲಿ ಅದೂ ಒಂದು. ವ್ಯಾಪಾರವನ್ನೇ ನಂಬಿ ಬದುಕಿದ್ದ ಪಟ್ಟಣ ವ್ಯಾಪಾರಿಯನ್ನು ಬೇಡವೆನ್ನಲಿಲ್ಲ. ಬರುವ ರೀತಿಯನ್ನು ತಾನು ಗೊತ್ತುಮಾಡಿತು. ಈಗ ಮೆಡಿಟರೇನಿಯನ್ ಬಂದರುಗಳು ಮಿತಿ ಹಾಕತೊಡಗಿದ್ದನ್ನು ಪ್ರವಾಸಿದ್ವೇಷ ಎನ್ನುವವರು ಈ ಇತಿಹಾಸವನ್ನು ಒಮ್ಮೆ ನೆನೆಯಬೇಕು.

ಹಡಗು ಅಂದೂ ಇತ್ತು, ಅವಸರ ಇರಲಿಲ್ಲ. ನಮ್ಮ ಕರಾವಳಿಯೇ ಅದಕ್ಕೆ ಸಾಕ್ಷಿ. ಟ್ಯುನೀಷಿಯಾದ ಸಮುದ್ರತೀರದ ಮಹ್ದಿಯಾ ಪಟ್ಟಣದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 12ನೇ ಶತಮಾನದಲ್ಲಿ ಮಂಗಳೂರಿಗೆ ಬಂದು ಸುಮಾರು 17 ವರ್ಷ ಇಲ್ಲೇ ನೆಲೆಸಿದ. ಮೆಣಸು, ಕಬ್ಬಿಣ, ಅಡಿಕೆ ಕಳಿಸುವುದು, ಏಡನ್ನಿನಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸಿಕೊಳ್ಳುವುದು ಅವನ ದಂಧೆ. ಇಲ್ಲಿಯ ಹೆಣ್ಣಿನೊಡನೆ ಸಂಸಾರ ಹೂಡಿದ. ಅವನ ಪತ್ರಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಉಳಿದುಕೊಂಡದ್ದರಿಂದ ಇಷ್ಟೆಲ್ಲ ತಿಳಿದಿದೆ. ಅವನ ಆಳು ಬೊಮ್ಮನ ಜಾಡು ಹಿಡಿದು ಅಮಿತಾವ್ ಘೋಷ್ ಒಂದು ಪುಸ್ತಕವನ್ನೇ ಬರೆದರು. ಇನ್ನೊಬ್ಬ, ರೋಮಿನ ಪಿಯೆತ್ರೊ ದೆಲ್ಲಾ ವಾಲೆ. 1614ರಲ್ಲಿ ವೆನಿಸ್ಸಿನಲ್ಲಿ ಹಡಗು ಹತ್ತಿದವನು ಸುತ್ತಾಡುತ್ತ 1623ರಲ್ಲಿ ಇಕ್ಕೇರಿಗೆ ಬಂದ. ದಾರಿಯಲ್ಲಿ ಗುಡಿಯ ಮೊಗಸಾಲೆಯೊಂದರಲ್ಲಿ ಮಕ್ಕಳು ನೆಲಕ್ಕೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಒಪ್ಪಿಸುತ್ತ ಲೆಕ್ಕ ಕಲಿಯುವುದನ್ನು ಕಂಡು, ನಿಂತು ನೋಡಿ, ಕೇಳಿ ತಿಳಿದು ಬರೆದಿಟ್ಟ. ಕನ್ನಡ ನಾಡಿನ ಐಗಳ ಮಠದ ಬಗ್ಗೆ ಬರೆಯುವವರು ಈಗಲೂ ಆ ಪುಟ ತೆಗೆಯುತ್ತಾರೆ. ನಾಲ್ಕೂವರೆಗೆ ಬಸ್ ಹತ್ತಬೇಕಿದ್ದ ಪ್ರವಾಸಿಗೆ ಆ ಮೊಗಸಾಲೆ ಕಣ್ಣಿಗೆ ಬೀಳುತ್ತಿತ್ತೇ?

ಎಲ್ಲರೂ 17 ವರ್ಷ ಇರಲಾಗದು. ಅರ್ಧ ದಿನದಲ್ಲೇ ಒಲಿಯುವ ಊರುಗಳೂ ಇಲ್ಲದಿಲ್ಲ. ಮಾಲ್ಟಾದ ವಲೆಟ್ಟಾ ಅಂಥದ್ದು. ಹಡಗು ನಿಲ್ಲುವುದು ಕೋಟೆಯ ಬುಡದಲ್ಲೇ, ಬಸ್ಸೇ ಬೇಡ. 1565ರಲ್ಲಿ, ಇತ್ತ ತಾಳಿಕೋಟೆಯ ಯುದ್ಧ ವಿಜಯನಗರವನ್ನು ಕೆಡವಿದ ವರ್ಷವೇ, ಅತ್ತ ಮಾಲ್ಟಾ ತುರ್ಕರ ಮುತ್ತಿಗೆಯನ್ನು ತಡೆದು ನಿಂತಿತು. ಮರುವರ್ಷ ಹೊಸ ಪಟ್ಟಣಕ್ಕೆ ಅಡಿಗಲ್ಲು ಬಿತ್ತು. ಬೆಳಗಿನ ಬಿಸಿಲಲ್ಲಿ ಜೇನುಬಣ್ಣದ ಆ ಗೋಡೆಗಳ ನಡುವೆ ಹಡಗು ಒಳನುಗ್ಗುವ ನೋಟ ವಿಮಾನದಲ್ಲಿ ಬಂದವರಿಗೆ ದಕ್ಕುವುದಿಲ್ಲ. ಹತ್ತಿಪ್ಪತ್ತು ನಿಮಿಷ ನಡೆದರೆ ಸಂತ ಜಾನನ ಕ್ಯಾಥೆಡ್ರಲ್. ಅಲ್ಲಿ ಕರವಾಜ್ಜೊ 1608ರಲ್ಲಿ ಬಿಡಿಸಿದ ದೊಡ್ಡ ಚಿತ್ರವಿದೆ: ಸಂತ ಜಾನನ ತಲೆ ಕಡಿಯುವ ದೃಶ್ಯ. ಕೊರಳಿಂದ ಹರಿದ ರಕ್ತದಲ್ಲೇ ಕಲಾವಿದ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ್ದು ಅದೊಂದೇ ಚಿತ್ರಕ್ಕೆ. ಎದುರಿಗೆ ಅರ್ಧ ತಾಸು ಕೂತರೂ ಹಡಗು ತಪ್ಪುವುದಿಲ್ಲ. ಕೋಟರ್ ಕೊಲ್ಲಿಯೂ ಹಡಗಿನ ಮೇಲಿಂದಲೇ ನೋಡಬೇಕಾದದ್ದು.

ಸ್ಯಾಂಟೊರಿನಿಯಲ್ಲಿ ಲೆಕ್ಕ ತಲೆಕೆಳಗು. ಜ್ವಾಲಾಮುಖಿ ಬಾಯ್ತೆರೆದು ಕುಸಿದ ಜಾಗದಲ್ಲಿ ನೀರು ತುಂಬಿದ ಕೊಲ್ಲಿ ಅದು. ಹಡಗಿಗೆ ಧಕ್ಕೆಯಿಲ್ಲ, ನಡುನೀರಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸಬೇಕು. ಇಳಿದವರ ತಲೆಯ ಮೇಲೆ ಕಡಿದಾದ ಬಂಡೆ. ಫಿರಾ ಊರು ಮುಟ್ಟಲು ಕೇಬಲ್ ಕಾರು, ಇಲ್ಲವೇ ಆರುನೂರರ ಹತ್ತಿರದ ಮೆಟ್ಟಿಲು, ಇಲ್ಲವೇ ಕತ್ತೆ. ಕತ್ತೆಗಳ ಪಾಡು ಎಲ್ಲಿಗೆ ಮುಟ್ಟಿತೆಂದರೆ ನೂರು ಕಿಲೋಗಿಂತ ಹೆಚ್ಚು ಭಾರ ಹೇರಬಾರದೆಂದು 2018ರಲ್ಲಿ ಗ್ರೀಸ್ ನಿಯಮ ಮಾಡಬೇಕಾಯಿತು. ಸುಮಾರು 15 ಸಾವಿರ ಜನರ ದ್ವೀಪಕ್ಕೆ ಕೆಲವು ದಿನ ಹಡಗುಗಳಿಂದಲೇ 17 ಸಾವಿರ ಮಂದಿ ಬಂದದ್ದುಂಟು. ಕೇಬಲ್ ಕಾರಿನ ಕ್ಯೂನಲ್ಲೇ ಅರ್ಧ ಹೊತ್ತು ಮುಗಿದ ಮೇಲೆ ಉಳಿಯುವುದು ಬಿಳಿ ಗೋಡೆ, ನೀಲಿ ಗುಮ್ಮಟ, ಸೆಲ್ಫಿ. ದ್ವೀಪದ ದಕ್ಷಿಣ ತುದಿಯ ಅಕ್ರೋತಿರಿಯಲ್ಲಿ ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಬೂದಿಯಡಿ ಹೂತುಹೋದ ಪಟ್ಟಣವಿದೆ: ಮಹಡಿ ಮನೆಗಳು, ಒಳಚರಂಡಿ, ಸಾಲಾಗಿ ನಿಂತ ಕಾಳಿನ ವಾಡೆಗಳು. ಎಷ್ಟೋ ಮಂದಿ ಅತ್ತ ಸುಳಿಯದೆ ದೋಣಿ ಹತ್ತುತ್ತಾರೆ.

ಊರುಗಳು ಕೈಕಟ್ಟಿ ಕೂತಿಲ್ಲ. ಸ್ಯಾಂಟೊರಿನಿ 2025ರಿಂದ ದಿನಕ್ಕೆ ಎಂಟು ಸಾವಿರ ಕ್ರೂಸ್ ಪ್ರಯಾಣಿಕರೆಂಬ ಮಿತಿ ಹಾಕಿದೆ. ಅದೇ ಬೇಸಿಗೆಯಿಂದ ಗ್ರೀಸ್, ಸೀಸನ್ನಿನಲ್ಲಿ ಅಲ್ಲಿಯೂ ಮಿಕೊನೊಸ್‌ನಲ್ಲಿಯೂ ಇಳಿಯುವ ಒಬ್ಬೊಬ್ಬರಿಗೆ 20 ಯೂರೊ ವಿಧಿಸುತ್ತಿದೆ. ಪಾಲ್ಮಾ ದಿನಕ್ಕೆ ಮೂರೇ ಹಡಗು ಎಂದಿದೆ. ಬಾರ್ಸಿಲೋನಾ ತನ್ನ ಏಳು ಕ್ರೂಸ್ ಟರ್ಮಿನಲ್‌ಗಳನ್ನು 2030ರ ಹೊತ್ತಿಗೆ ಐದಕ್ಕೆ ಇಳಿಸಲಿದೆ.

ಇವೆಲ್ಲ ತಲೆ ಎಣಿಸುವ ನಿಯಮಗಳು. ಬೇಕಾದವೇ, ಸಾಲವು. 20 ಯೂರೊ ಎರಡು ತಾಸಿನ ಪ್ರವಾಸಿಗೂ ಅಷ್ಟೇ, ಇಡೀ ದಿನ ಇರುವವನಿಗೂ ಅಷ್ಟೇ. ಹಾಗಾದಾಗ ಹಡಗಿನ ಕಂಪನಿ ಆ ದುಡ್ಡನ್ನು ಟಿಕೆಟ್ಟಿಗೆ ಸೇರಿಸಿ ಸುಮ್ಮನಾಗುತ್ತದೆ, ವೇಳಾಪಟ್ಟಿಯಲ್ಲಿ ಹತ್ತು ನಿಮಿಷವೂ ಅಲುಗುವುದಿಲ್ಲ. ಬೆಲೆ ಕಟ್ಟಬೇಕಾದದ್ದು ಹೊತ್ತಿಗೆ. ಕಡಿಮೆ ಹೊತ್ತು ನಿಲ್ಲುವ ಹಡಗಿಗೆ ಹೆಚ್ಚು ಶುಲ್ಕ, ರಾತ್ರಿ ತಂಗುವ ಹಡಗಿಗೆ ಕಡಿಮೆ. ಇದು ಕನಸಿನ ಮಾತೇನಲ್ಲ. 2024ರ ಏಪ್ರಿಲ್ 25ರಂದು ವೆನಿಸ್ ಹಗಲು ಬಂದು ಹೋಗುವವರ ಮೇಲೆ ಐದು ಯೂರೊ ಪ್ರವೇಶಶುಲ್ಕ ಶುರುಮಾಡಿದಾಗ ಊರಲ್ಲಿ ರಾತ್ರಿ ತಂಗುವವರನ್ನು ಅದರಿಂದ ಹೊರಗಿಟ್ಟಿತು. ಮೊತ್ತ ಜುಜುಬಿ, ಜನಸಂದಣಿಯೇನೂ ಕರಗಲಿಲ್ಲ. ತತ್ವ ಮಾತ್ರ ಸರಿಯಾಗಿದೆ. ಡುಬ್ರೊವ್ನಿಕ್ ಒಂದು ಹೆಜ್ಜೆ ಮುಂದೆ ಹೋಗಿ, ದಿನಕ್ಕೆ ಎರಡೇ ಹಡಗು, ಒಮ್ಮೆಗೆ ನಾಲ್ಕು ಸಾವಿರ ಪ್ರಯಾಣಿಕರು ಎನ್ನುವುದರ ಜೊತೆಗೆ, ಬಂದ ಹಡಗು ಕನಿಷ್ಠ ಎಂಟು ತಾಸು ನಿಲ್ಲಬೇಕು ಎಂದಿತು. ಎಂಟು ತಾಸಿದ್ದರೆ ಎಲ್ಲರೂ ಹತ್ತು ಗಂಟೆಗೇ ಪೀಲೆ ಬಾಗಿಲಿಗೆ ಮುಗಿಬೀಳಬೇಕಿಲ್ಲ; ಊಟಕ್ಕೂ ಒಂದಿಷ್ಟು ಜನ ಊರಲ್ಲೇ ಉಳಿದಾರು.

ಕಂಪನಿಗಳು ಗೊಣಗುತ್ತವೆ. ಬಂದರು ಬಾಡಿಗೆ, ಕ್ಯಾಸಿನೊ ನಷ್ಟ, ಒಂದು ಊರು ಕಡಿಮೆಯಾದರೆ ಜಾಹೀರಾತಿನ ಆಕರ್ಷಣೆ ಕಡಿಮೆ. ಕೊನೆಯ ಮಾತಿನಲ್ಲಿ ಪ್ರಯಾಣಿಕರ ಪಾಲೂ ಇದೆ. ಆರು ಊರಿನ ಟಿಕೆಟ್ ಪಕ್ಕದಲ್ಲಿ ನಾಲ್ಕೂರಿನದನ್ನು ಇಟ್ಟರೆ, ದರ ಒಂದೇ ಆಗಿದ್ದರೆ, ಆರನ್ನೇ ಆರಿಸುವವರು ನಾವು. ಹಡಗಿನ ನೌಕರರನ್ನು ಕೇಳಿದರೆ ಬೇರೆ ಉತ್ತರ ಸಿಕ್ಕೀತು. ಗೋವಾ, ಮಂಗಳೂರು ಕಡೆಯ ಹುಡುಗರು ಇಂಥ ಹಡಗುಗಳ ಅಡುಗೆಮನೆ, ಊಟದ ಹಾಲ್, ಕ್ಯಾಬಿನ್‌ಗಳಲ್ಲಿ ತಿಂಗಳುಗಟ್ಟಲೆ ದುಡಿಯುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅವರ ಕೆಲಸದ ಮಿತಿಯೇ ದಿನಕ್ಕೆ 14 ತಾಸು, ವಾರಕ್ಕೆ 72 ತಾಸು. ಹಡಗು ರಾತ್ರಿ ನಿಂತರೆ ಅವರಿಗೂ ನೆಲ ಮೆಟ್ಟಲು ಒಂದಿಷ್ಟು ಪುರುಸೊತ್ತು.

ಈ ಚರ್ಚೆ ನಮಗೆ ದೂರದ್ದಲ್ಲ. ಮೆಡಿಟರೇನಿಯನ್ ಸೀಸನ್ ಮುಗಿಯುತ್ತಿದ್ದಂತೆ ಪೂರ್ವಕ್ಕೆ ಹೊರಡುವ ಹಡಗುಗಳಲ್ಲಿ ಕೆಲವು ನವಮಂಗಳೂರು ಬಂದರಿಗೆ ಬರುತ್ತವೆ. ಕ್ರೂಸ್ ಪ್ರಯಾಣಿಕರನ್ನು 2029ರ ಹೊತ್ತಿಗೆ ಇಮ್ಮಡಿ ಮಾಡುವ ಗುರಿಯೊಂದಿಗೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಕ್ರೂಸ್ ಭಾರತ್ ಮಿಷನ್ ಶುರುಮಾಡಿದೆ. ಬಂದವರಿಗೆ ಧಕ್ಕೆಯಲ್ಲಿ ಯಕ್ಷಗಾನ ವೇಷಧಾರಿಗಳ ಸ್ವಾಗತ. ಆಮೇಲೆ ಕುದ್ರೋಳಿ, ಗೇರುಬೀಜದ ಕಾರ್ಖಾನೆ, ಇಟಲಿಯ ಮೊಸ್ಕೇನಿ ಗೋಡೆ ತುಂಬ ಚಿತ್ರ ಬರೆದ ಸೇಂಟ್ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ. ಸಂಜೆ ಹಡಗು ಕೊಚ್ಚಿಗೋ ಗೋವಾಕ್ಕೋ ಹೊರಟಿರುತ್ತದೆ. ಯಕ್ಷಗಾನದ ಚೆಂಡೆ ಏಳುವುದು ಅದಾದ ಮೇಲೆ. ಇಲ್ಲಿಗೆ ಬರುವ ಹಡಗುಗಳು ಇನ್ನೂ ಬೆರಳೆಣಿಕೆಯಷ್ಟು, ದಟ್ಟಣೆಯ ಗೋಳಿಲ್ಲ. ನಿಯಮ ಮಾಡಲು ಇದೇ ಸುಸಮಯ. ರಾತ್ರಿ ತಂಗುವ ಹಡಗಿಗೆ ಬಂದರು ಶುಲ್ಕದಲ್ಲಿ ರಿಯಾಯಿತಿ ಕೊಟ್ಟು, ಆ ರಾತ್ರಿ ಬಜ್ಪೆಯಲ್ಲೋ ಕಟೀಲಿನಲ್ಲೋ ಎಲ್ಲಿ ಆಟವಿದೆಯೋ ಅಲ್ಲಿಗೆ ಬಸ್ ಬಿಡುವುದಕ್ಕೆ ಹೊಸ ಟರ್ಮಿನಲ್ ಏನೂ ಬೇಕಿಲ್ಲ. ಮೇಳಗಳ ತಿರುಗಾಟದ ಪಟ್ಟಿ ಮೊದಲೇ ಅಚ್ಚಾಗಿರುತ್ತದೆ, ಹಡಗುಗಳ ವೇಳಾಪಟ್ಟಿಯೂ ಅಷ್ಟೇ. ಎರಡನ್ನೂ ಒಂದೇ ಮೇಜಿನ ಮೇಲೆ ಹರಡಿ ಕೂರುವ ಒಬ್ಬ ಅಧಿಕಾರಿಯನ್ನು ಬಂದರು ಮಂಡಳಿಯೂ ಪ್ರವಾಸೋದ್ಯಮ ಇಲಾಖೆಯೂ ಸೇರಿ ನೇಮಿಸಬೇಕು, ಅದೂ ಮುಂದಿನ ಸೀಸನ್ನಿಗೆ ಮೊದಲು.