ಕಡತ ಓದುವುದು ವ್ಯಾಪಾರವಲ್ಲ

ಪತ್ರಿಕೋದ್ಯಮದಿಂದ ಸಾರ್ವಜನಿಕ ಹಿತ ಸಾಧನೆಯಾಗುವುದಿಲ್ಲವಂತೆ. ಹೀಗೆಂದು ಆದಾಯ ತೆರಿಗೆ ಇಲಾಖೆ ತನ್ನ ಲಾಭರಹಿತ ಮಾನ್ಯತೆಯನ್ನು ರದ್ದುಪಡಿಸಿದೆ ಎಂದು ದೆಹಲಿಯ ತನಿಖಾ ಸುದ್ದಿಸಂಸ್ಥೆ ‘ದಿ ರಿಪೋರ್ಟರ್ಸ್ ಕಲೆಕ್ಟಿವ್’ 2025ರ ಜನವರಿ ಕೊನೆಯಲ್ಲಿ ತಿಳಿಸಿತು. ಅದಕ್ಕೆ ತುಸು ಮುಂಚೆ ಬೆಂಗಳೂರಿನ ಕನ್ನಡ ಜಾಲತಾಣ ‘ದಿ ಫೈಲ್’ಗೂ ಇದೇ ಪೆಟ್ಟು ಬಿದ್ದಿತ್ತು. ಅದರ ಚಟುವಟಿಕೆಯಲ್ಲಿ ವಾಣಿಜ್ಯದ ಅಂಶವಿದೆ ಎಂಬುದು ಅಲ್ಲಿ ಕೊಟ್ಟ ಕಾರಣ. ಈ ಎರಡನೆಯ ಪ್ರಕರಣದಲ್ಲಿ ಕರ್ನಾಟಕದೊಳಗೆ ಏಳಬೇಕಾದಷ್ಟು ದನಿ ಏಳಲೇ ಇಲ್ಲ. ಅದು ನಮ್ಮ ನಾಚಿಕೆಗೇಡು.

ಪತ್ರಕರ್ತ ಜಿ. ಮಹಾಂತೇಶ್ ಅವರ ‘ದಿ ಫೈಲ್’ ಬೆನ್ನು ಹತ್ತಿರುವುದು ರಾಜ್ಯ ಸರ್ಕಾರದ ಕಡತಗಳನ್ನು. ಈ ಕೆಲಸ ಎಂಥದ್ದೆಂದು ಗೊತ್ತಾಗಬೇಕಾದರೆ ಒಂದು ಕಡತದ ಹಾದಿಯನ್ನೇ ನೋಡಿ. ಯಾವುದೋ ಇಲಾಖೆಗೆ ಟೆಂಡರ್ ಕರೆಯದೆ ಕಾಮಗಾರಿಯೊಂದನ್ನು ವಹಿಸಬೇಕಾಗಿದೆ ಎನ್ನೋಣ. ಸರ್ಕಾರಿ ಖರೀದಿ, ಕಾಮಗಾರಿಗಳ ಪಾರದರ್ಶಕತೆಗೆಂದೇ ರಾಜ್ಯ 1999ರಲ್ಲಿ ತಂದ ಕೆಟಿಪಿಪಿ ಕಾಯ್ದೆಯಲ್ಲಿ 4(ಜಿ) ಎಂಬ ವಿನಾಯಿತಿ ಇದೆ. ಅದರಡಿ ಪ್ರಸ್ತಾವ ಸಿದ್ಧವಾಗುತ್ತದೆ. ಆರ್ಥಿಕ ಇಲಾಖೆ ‘ಟೆಂಡರ್ ಕರೆಯುವುದೇ ಸೂಕ್ತ’ ಎಂದು ಟಿಪ್ಪಣಿ ಹಾಳೆಯಲ್ಲಿ ಷರಾ ಬರೆದರೂ ಸಂಪುಟ ಒಪ್ಪಿಗೆ ಕೊಡಬಹುದು. ಸಂಜೆಯ ಸುದ್ದಿಗೋಷ್ಠಿಯಲ್ಲಿ ಒಪ್ಪಿಗೆಯಷ್ಟೇ ಪ್ರಕಟವಾಗುತ್ತದೆ, ಷರಾ ಕಡತದೊಳಗೇ ಉಳಿಯುತ್ತದೆ.

ಆ ಹಾಳೆ ಕೈಗೆ ಸಿಗಬೇಕಾದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದಗಳೊಳಗೆ. ಮೂವತ್ತು ದಿನ ಕಾದು, ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗ. ತಿಂಗಳುಗಟ್ಟಲೆ ಅಲೆದಾಟಕ್ಕೆ ಒಂದು ವರದಿ ಹುಟ್ಟುತ್ತದೆ. ಅದನ್ನು ಪ್ರಾಯೋಜಿಸಲು ಯಾವ ಜಾಹೀರಾತುದಾರನೂ ಮುಂದೆ ಬರುವುದಿಲ್ಲ. ಇದರಲ್ಲಿ ವ್ಯಾಪಾರ ಎಲ್ಲಿದೆ?

ಮಾನ್ಯತೆ ರದ್ದಾದಾಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 2(15)ನೇ ಕಲಮು ಬಡವರಿಗೆ ನೆರವು, ಶಿಕ್ಷಣ, ವೈದ್ಯಕೀಯ ನೆರವು, ಪರಿಸರ ರಕ್ಷಣೆಗಳ ಜೊತೆಗೆ ‘ಸಾರ್ವಜನಿಕ ಉಪಯುಕ್ತತೆಯ ಇತರ ಉದ್ದೇಶ’ಗಳನ್ನೂ ಧರ್ಮಾರ್ಥವೆಂದು ಒಪ್ಪುತ್ತಿತ್ತು. ಅಂಥ ಉದ್ದೇಶದ ಭಾಗವಾಗಿಯೇ ನಡೆಸುವ ವಾಣಿಜ್ಯ ಚಟುವಟಿಕೆಯಿಂದ ಒಟ್ಟು ಆದಾಯದ ಶೇ 20ರವರೆಗೆ ಬಂದರೂ ಅಡ್ಡಿಯಿಲ್ಲ ಎನ್ನುತ್ತಿತ್ತು. ತೆರಿಗೆದಾರನ ದುಡ್ಡು ಎಲ್ಲಿ ಸೋರುತ್ತಿದೆ ಎಂದು ತೆರಿಗೆದಾರನಿಗೇ ತಿಳಿಸುವುದು ಸಾರ್ವಜನಿಕ ಉಪಯೋಗವಲ್ಲವಾದರೆ ಆ ಮಾತಿಗೆ ಉಳಿಯುವ ಅರ್ಥವಾದರೂ ಏನು? ಮಾನ್ಯತೆ ಹೋದ ಮೇಲೆ ದೇಣಿಗೆಯ ಮೇಲೆ ತೆರಿಗೆಯ ಹೊರೆ ಬೀಳುತ್ತದೆ, ದಾನಿಗಳೂ ಹಿಂಜರಿಯುತ್ತಾರೆ. ಎರಡು–ಮೂರು ಮಂದಿಯ ಸುದ್ದಿಮನೆಯನ್ನು ಮುಚ್ಚಿಸಲು ಅಷ್ಟು ಸಾಕು.

ವಿನಾಯಿತಿ ಎಂದರೆ ಸರ್ಕಾರ ಬಿಟ್ಟುಕೊಡುವ ಹಣ, ಸರ್ಕಾರವನ್ನು ಟೀಕಿಸುವವರಿಗೆ ಅದೇಕೆ ಎಂದು ಕೇಳುವವರಿದ್ದಾರೆ. ಜನರ ತೆರಿಗೆಯ ಹಣ ಜಾಹೀರಾತಿನ ರೂಪದಲ್ಲಿ ಮಾಧ್ಯಮಗಳಿಗೆ ಧಾರಾಳವಾಗಿ ಹರಿಯುತ್ತಲೇ ಇದೆ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. 2022ರ ದೀಪಾವಳಿಯಲ್ಲಿ ಅಂದಿನ ಮುಖ್ಯಮಂತ್ರಿ ಕಚೇರಿಯಿಂದ ಪತ್ರಕರ್ತರಿಗೆ ಹೋದ ಸಿಹಿಯ ಪೊಟ್ಟಣದಲ್ಲಿ ನಗದು ಇತ್ತೆಂಬ ಆರೋಪ ಲೋಕಾಯುಕ್ತದವರೆಗೆ ಹೋಯಿತು. ಸರ್ಕಾರ ಅದನ್ನು ಅಲ್ಲಗಳೆಯಿತು. ಆದರೆ ಕೆಲವು ಪತ್ರಕರ್ತರು ಹಣವನ್ನು ಹಿಂದಿರುಗಿಸಿದ್ದಾಗಿ ವರದಿಯಾಯಿತು. ಸರ್ಕಾರದ ಹಂಗಿನಲ್ಲಿರುವವನು ಸರ್ಕಾರದ ಕಡತ ಬಿಚ್ಚುವುದಿಲ್ಲ. 1980ರಲ್ಲಿ ಪಿ. ಲಂಕೇಶ್ ಜಾಹೀರಾತು ಬೇಡವೆಂದು ಪತ್ರಿಕೆ ತೆಗೆದು, ಓದುಗರ ದುಡ್ಡಿನಿಂದಲೇ ನಡೆಸಿ, ಗುಂಡೂರಾವ್ ಸರ್ಕಾರವನ್ನು ನಿದ್ದೆಗೆಡಿಸಿದ ನಾಡಿದು. ಆ ಪಾಠ ನಮಗೆ ಹೊಸದಲ್ಲ.

ದಾನಿಗಳ ಹಿಂದೆ ಹಿತಾಸಕ್ತಿ ಇರಬಹುದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಲಾಭರಹಿತ ಸುದ್ದಿಸಂಸ್ಥೆಗಳು ಯಾರಿಂದ ಎಷ್ಟು ಪಡೆದವು ಎಂದು ವರ್ಷವರ್ಷವೂ ಪ್ರಕಟಿಸಲಿ. ದೊಡ್ಡ ದಾನಿಯ ಬಗ್ಗೆ ಬರೆಯುವಾಗ ಆ ಸಂಬಂಧವನ್ನು ವರದಿಯಲ್ಲೇ ಹೇಳಲಿ. ಅದು ಬಹಿರಂಗದ ಪ್ರಶ್ನೆ, ಮಾನ್ಯತೆ ಕಿತ್ತುಕೊಳ್ಳುವುದು ಅದಕ್ಕೆ ಮದ್ದಲ್ಲ. ಕೆನಡಾ ದೇಶ ಇದಕ್ಕೊಂದು ದಾರಿ ಕಂಡುಕೊಂಡಿದೆ. ಅಲ್ಲಿ 2020ರಿಂದ ಷರತ್ತುಗಳನ್ನು ಪೂರೈಸುವ ಲಾಭರಹಿತ ಪತ್ರಿಕೆಗಳು ನೋಂದಾಯಿಸಿಕೊಂಡು, ದಾನಿಗಳಿಗೆ ತೆರಿಗೆ ರಿಯಾಯಿತಿಯ ರಸೀದಿ ಕೊಡಬಹುದು. ಮಾಂಟ್ರಿಯಲ್‌ನ ‘ಲಾ ಪ್ರೆಸ್’ ಹೀಗೆ ನೋಂದಾಯಿಸಿಕೊಂಡ ಪತ್ರಿಕೆ. ನಾವು ಹೋಗುತ್ತಿರುವುದು ತಿರುಗುಮುರುಗಾಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ದಾಖಲೆ ನಿರಾಕರಿಸುವುದನ್ನು ಸಲೀಸಾಗಿಸಿದೆ. ಪತ್ರಕರ್ತರಿಗೆ ಹಿಂದಿನ ಕರಡುಗಳಲ್ಲಿದ್ದ ವಿನಾಯಿತಿಯೂ ಅದರಲ್ಲಿಲ್ಲ. ಒಂದು ಕಡೆ ದಾಖಲೆ ಸಿಗದಂತೆ, ಇನ್ನೊಂದು ಕಡೆ ದುಡ್ಡು ಸಿಗದಂತೆ.

ರದ್ದು ಮಾಡಿದ್ದು ಕೇಂದ್ರದ ಇಲಾಖೆಯೇ ಆದರೂ ವಿಧಾನಸೌಧದಲ್ಲಿ ಅದಕ್ಕಾಗಿ ಮರುಗುವವರು ಕಡಿಮೆ. ಬಿಜೆಪಿ ಇದ್ದಾಗಲೂ ಕಾಂಗ್ರೆಸ್ ಬಂದಾಗಲೂ ‘ದಿ ಫೈಲ್’ ಕಡತ ಕೇಳುವುದನ್ನು ನಿಲ್ಲಿಸಲಿಲ್ಲ, ಹಾಗಾಗಿ ಯಾವ ಪಕ್ಷಕ್ಕೂ ಅದು ಬೇಕಾಗಿಲ್ಲ. ಬೇಕಾಗಿರುವುದು ನಮಗೆ. ಸಾರ್ವಜನಿಕ ಹಿತದ ಪತ್ರಿಕೋದ್ಯಮವೂ ಧರ್ಮಾರ್ಥ ಉದ್ದೇಶವೇ ಎಂದು ಸಂಸತ್ತು ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಕರ್ನಾಟಕದ ಸಂಸದರು, ಯಾವ ಪಕ್ಷದವರೇ ಇರಲಿ, ಈ ತಿದ್ದುಪಡಿಯನ್ನು ಕೇಳಬೇಕು. ರಾಜ್ಯ ಸರ್ಕಾರ 4(ಜಿ) ವಿನಾಯಿತಿಯ ಪ್ರತಿ ಕಡತವನ್ನೂ ಆರ್ಥಿಕ ಇಲಾಖೆಯ ಷರಾ ಸಮೇತ ತಾನೇ ಪ್ರಕಟಿಸಬೇಕು. ಅಲ್ಲಿಯವರೆಗೆ ಈ ಸುದ್ದಿಮನೆಗಳನ್ನು ಉಳಿಸಿಕೊಳ್ಳುವ ಹೊಣೆ ಕನ್ನಡ ಓದುಗರದ್ದು. ವಿನಾಯಿತಿ ಇರಲಿ ಬಿಡಲಿ, ದುಡ್ಡು ಕೊಟ್ಟು ಉಳಿಸಿಕೊಳ್ಳೋಣ.