ಘಟ್ಟದ ಮೇಲಿನ ಊರಿಗೆ ಹೀಲಿಯಂ ಕಿಂಡಿ ಯಾಕೆ?

ಪುಣೆ ಇರುವುದು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ಕಡಲು ನೋಡಬೇಕೆಂದರೆ ಘಟ್ಟ ಇಳಿದು ಕೊಂಕಣಕ್ಕೆ ಹೋಗಬೇಕು. ಆದರೂ ಇಲ್ಲಿನ ವಾಚ್ ಅಂಗಡಿಗಳಲ್ಲಿ 300 ಮೀಟರ್ ಆಳ ತಡೆಯುವ ಡೈವಿಂಗ್ ವಾಚುಗಳಿಗೆ ಬರವಿಲ್ಲ. ಕೆಲವು ವಾಚುಗಳ ಪಕ್ಕದಲ್ಲಿ ಇನ್ನೊಂದು ಪುಟ್ಟ ಗುಂಡಿಯೂ ಇರುತ್ತದೆ: ಹೀಲಿಯಂ ಎಸ್ಕೇಪ್ ವಾಲ್ವ್. ‘ಇದಿದ್ದರೆ ಎಷ್ಟು ಆಳಕ್ಕೆ ಹೋದರೂ ಭಯವಿಲ್ಲ’ ಎಂಬ ನಂಬಿಕೆಯೂ ಅದರ ಜೊತೆ ಮಾರಾಟವಾಗುತ್ತದೆ. ಈ ನಂಬಿಕೆ ಶುದ್ಧ ತಪ್ಪು. ನೀರಿನೊಳಗೆ ಈ ವಾಲ್ವಿಗೆ ಕೆಲಸವೇ ಇಲ್ಲ.

ಅದರ ಕೆಲಸ ಇರುವುದು ಒಣ ಕೋಣೆಯಲ್ಲಿ. ಸಮುದ್ರತಳದಲ್ಲಿ ತೈಲದ ಕೊಳವೆ ರಿಪೇರಿ ಮಾಡುವಂಥ ‘ಸ್ಯಾಚುರೇಶನ್’ ಮುಳುಗುಗಾರರು ಹಡಗಿನ ಮೇಲೆ, ಆಳದಲ್ಲಿರುವಷ್ಟೇ ಒತ್ತಡ ತುಂಬಿದ ಕೋಣೆಯಲ್ಲಿ ದಿನಗಟ್ಟಲೆ, ವಾರಗಟ್ಟಲೆ ವಾಸಿಸುತ್ತಾರೆ. ಅಷ್ಟು ಒತ್ತಡದಲ್ಲಿ ಮಾಮೂಲಿ ಗಾಳಿಯ ನೈಟ್ರೋಜನ್ ಮತ್ತೇರಿಸುತ್ತದೆ. ಹಾಗಾಗಿ ಅವರು ಉಸಿರಾಡುವುದು ಹೀಲಿಯಂ ಮತ್ತು ಆಮ್ಲಜನಕದ ಮಿಶ್ರಣ. ಹೀಲಿಯಂ ಪರಮಾಣು ಎಷ್ಟು ಸಣ್ಣದೆಂದರೆ, ನೀರನ್ನು ತಡೆಯುವ ರಬ್ಬರ್ ಗ್ಯಾಸ್ಕೆಟ್‌ಗಳೂ ಅದನ್ನು ತಡೆಯಲಾರವು. ದಿನಗಳು ಕಳೆದಂತೆ ಅದು ವಾಚಿನೊಳಗೆ ನುಸುಳಿ ತುಂಬಿಕೊಳ್ಳುತ್ತದೆ. ಕೆಲಸ ಮುಗಿದು ಕೋಣೆಯ ಒತ್ತಡ ಇಳಿಸುವಾಗ ಒಳಗಿನ ಅನಿಲ ಅದೇ ವೇಗದಲ್ಲಿ ಹೊರಬರುವುದಿಲ್ಲ. ವಾಚಿನ ಗಾಜು ಹೊರಗಿನ ಒತ್ತಡ ತಾಳಲು ಕೂರಿಸಿದ್ದು. ಒಳಗಿನಿಂದ ತಳ್ಳಿದರೆ ಕಿತ್ತು ಹಾರುತ್ತದೆ. ಇದಕ್ಕೆ ಪರಿಹಾರ ಸ್ಪ್ರಿಂಗ್ ಇರುವ ಏಕಮುಖ ಕಿಂಡಿ. ಒಳಗಿನ ಒತ್ತಡ ಮಿತಿ ಮೀರಿದಾಗ ಅದು ತಾನಾಗಿ ತೆರೆದು ಅನಿಲ ಬಿಟ್ಟು ಮುಚ್ಚಿಕೊಳ್ಳುತ್ತದೆ. ಕೆಲವು ವಾಚುಗಳಲ್ಲಿ ಅದನ್ನು ಕೈಯಿಂದಲೇ ತಿರುಗಿಸಿ ತೆರೆಯಬೇಕು.

1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸೀಲ್ಯಾಬ್ ಪ್ರಯೋಗಗಳ ಕಾಲದಲ್ಲಿ ಈ ತೊಂದರೆ ಎದುರಾಯಿತು. 1967ರಲ್ಲಿ ಬಂದ ರೋಲೆಕ್ಸ್ ಸೀ-ಡ್ವೆಲ್ಲರ್ ವಾಲ್ವನ್ನು ಹೆಸರುವಾಸಿ ಮಾಡಿತು. ಅದು ಅಂದಿನ ನಿಜವಾದ ಕಷ್ಟಕ್ಕೆ ನಿಜವಾದ ಉತ್ತರ. ಆದರೆ ಒಂದೇ ಉತ್ತರವಲ್ಲ. 1975ರಲ್ಲಿ ಸೈಕೊ ಕಂಪನಿ 600 ಮೀಟರಿನ ಟೈಟಾನಿಯಂ ವಾಚ್ ತಂದಾಗ ವಾಲ್ವನ್ನೇ ಇಡಲಿಲ್ಲ. ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದ ಗ್ಯಾಸ್ಕೆಟ್ ಹಾಕಿ ಹೀಲಿಯಂ ಒಳಬರುವುದನ್ನೇ ತಡೆಯಿತು. ಕಳ್ಳ ಒಳಹೊಕ್ಕ ಮೇಲೆ ಹಿತ್ತಲ ಬಾಗಿಲು ತೆರೆಯುವುದಕ್ಕಿಂತ ಮುಂಬಾಗಿಲು ಭದ್ರ ಮಾಡುವುದು ಮೇಲಲ್ಲವೇ? ಇನ್ನೂ ಸುಲಭದ ದಾರಿ: ಒಣ ಕೋಣೆಯಲ್ಲಿ ಒತ್ತಡ ಇಳಿಸುವಾಗ ವಾಚಿನ ಕ್ರೌನ್ ಸಡಿಲಿಸಿದರೆ ಸಾಕು.

ನಮ್ಮಲ್ಲೂ ಇಂಥ ಕೆಲಸಗಾರರಿದ್ದಾರೆ. 2025ರ ಜುಲೈ 18ರಂದು ವಿಶಾಖಪಟ್ಟಣದಲ್ಲಿ ನೌಕಾಪಡೆಗೆ ಸೇರಿದ ಐ.ಎನ್.ಎಸ್. ನಿಸ್ತಾರ್ 300 ಮೀಟರ್ ಆಳದವರೆಗಿನ ಸ್ಯಾಚುರೇಶನ್ ಡೈವಿಂಗ್‌ಗಾಗಿಯೇ ಕಟ್ಟಿದ ಹಡಗು. ಆದರೆ ಅಂಥ ಕೋಣೆಯಲ್ಲಿರುವವರ ಅನಿಲ, ಒತ್ತಡ, ಸಮಯ ಎಲ್ಲವನ್ನೂ ಲೆಕ್ಕವಿಟ್ಟು ನೋಡಿಕೊಳ್ಳುವುದು ಹೊರಗಿನ ನಿಯಂತ್ರಣ ಕೋಣೆಯವರು. ಜೀವ ಕಾಯುವುದು ಅವರ ಎಚ್ಚರವೇ ಹೊರತು ಮಣಿಕಟ್ಟಿನ ಕಿಂಡಿಯಲ್ಲ.

ರಜೆಯಲ್ಲಿ ಸ್ಕೂಬಾಗೆ ಹೋಗುವವರಿಗಂತೂ ಇದು ಬೇಕೇ ಇಲ್ಲ. ಮೋಜಿನ ಸ್ಕೂಬಾದ ಗಡಿ 40 ಮೀಟರ್. ಸಿಲಿಂಡರಿನಲ್ಲಿ ಇರುವುದು ಸಾಮಾನ್ಯವಾಗಿ ಬರೀ ಗಾಳಿ. ಹೀಲಿಯಂ ಇದ್ದರೂ ವಾಚಿನ ಸುತ್ತ ಇರುವುದು ನೀರು.

‘ಇದ್ದರೆ ನಷ್ಟವೇನು? ಚಂದಕ್ಕೆ ಇರಲಿ’ ಎನ್ನುವವರಿದ್ದಾರೆ. ಚಂದವೆಂದು ಹೇಳಿ ಮಾರಿದರೆ ಯಾರ ತಕರಾರೂ ಇಲ್ಲ. ರಕ್ಷಣೆ ಎಂದು ಮಾರುವುದು ಮೋಸ. ಅದೂ ಅಲ್ಲದೆ ಪ್ರತಿ ವಾಲ್ವೂ ವಾಚಿನ ಮೈಯಲ್ಲಿ ಇನ್ನೊಂದು ತೂತು, ಹಳತಾಗುವ ಇನ್ನೊಂದು ರಬ್ಬರ್ ಉಂಗುರ. ಮೂಗಿಗಿಂತ ಮೂಗುತಿ ಭಾರ.

ಪುಣೆಯ ವಾಚಿಗೆ ನಿಜವಾದ ಶತ್ರು ಜೂನ್‌ನಲ್ಲಿ ಶುರುವಾಗುವ ಮಳೆ, ಸ್ನಾನದ ಸೋಪು, ಸರಿಯಾಗಿ ತಿರುಗಿಸದ ಕ್ರೌನ್, ವರ್ಷಗಟ್ಟಲೆ ಬದಲಿಸದ ಗ್ಯಾಸ್ಕೆಟ್. ಗ್ಯಾಸ್ಕೆಟ್ ಒಣಗಿದರೆ 300 ಮೀಟರ್ ಎಂದು ಬರೆದ ವಾಚಿನೊಳಗೂ ಬಚ್ಚಲಮನೆಯ ನೀರು ಹೋಗುತ್ತದೆ. ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟೇ: ಇದರ ಗ್ಯಾಸ್ಕೆಟ್ ಬದಲಿಸಿ ನೀರಿನ ಒತ್ತಡದ ಪರೀಕ್ಷೆ ಮಾಡಿಕೊಡುವವರು ಈ ಊರಿನಲ್ಲಿ ಯಾರಿದ್ದಾರೆ, ಎಷ್ಟು ಖರ್ಚು? ಅದಕ್ಕೆ ಉತ್ತರ ಕೊಡದ ಅಂಗಡಿಯವನು ಹೀಲಿಯಂ ಬಗ್ಗೆ ಎಷ್ಟು ಭಾಷಣ ಬಿಗಿದರೂ ವ್ಯರ್ಥ.