ಕಪ್ಪೆಚಿಪ್ಪೂ ಮೀನು ಹಿಡಿಯುವ ಪರವಾನಗಿಯೂ

ಮೀನು ಹಿಡಿಯುವ ಪಂದ್ಯಕ್ಕೆ ಪರವಾನಗಿ ಏಕೆ ಬೇಕು? ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಇಂಥ ಪಂದ್ಯ ನಡೆಸುವವರು ಮುಂಚಿತವಾಗಿ ಅನುಮತಿ ಪಡೆಯಬೇಕು. ಪಂದ್ಯ ಮುಗಿದ ಮೇಲೆ ದೋಣಿಗಳನ್ನು ತೊಳೆದು, ಅವುಗಳೊಳಗಿನ ನೀರನ್ನೆಲ್ಲ ಬಸಿದು, ಒಣಗಿಸಬೇಕು. ಆಟಕ್ಕೆ ಇಷ್ಟೊಂದು ಕಟ್ಟಳೆಯೆ ಎಂದು ನಗುವವರುಂಟು. ಆದರೆ ಅದರ ಕಾರಣವನ್ನು ಅರಿತವರಿಗೆ, ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರಕ್ಕೂ ಅಂಥ ನಿಯಮ ಅಗತ್ಯವೆಂದು ತೋರದೆ ಇರದು.

ಆ ಕಾರಣವು ಹೆಬ್ಬೆರಳ ಉಗುರಿನಷ್ಟೇ ಇರುವ ಒಂದು ಕಪ್ಪೆಚಿಪ್ಪು. ಮೈಮೇಲಣ ಪಟ್ಟೆಗಳಿಂದಾಗಿ ಅದಕ್ಕೆ ಜೀಬ್ರಾ ಕಪ್ಪೆಚಿಪ್ಪೆಂದು ಹೆಸರು. ಯುರೋಪಿನ ಹಡಗುಗಳು ಸಮತೋಲಕ್ಕಾಗಿ ತುಂಬಿಕೊಂಡಿದ್ದ ನೀರಿನೊಡನೆ ಬಂದು, 1988ರಲ್ಲಿ ಅದು ಸೇಂಟ್ ಕ್ಲೇರ್ ಸರೋವರದಲ್ಲಿ ಕಾಣಿಸಿಕೊಂಡಿತು. ಅದರ ಮರಿಗಳು ಬರಿಗಣ್ಣಿಗೆ ಕಾಣವು. ದೋಣಿಯಲ್ಲಿ ಉಳಿದ ಒಂದು ಬೊಗಸೆ ನೀರೇ ಅವುಗಳ ವಾಹನ. ಹೀಗೆ ವಿಹಾರದ ದೋಣಿಗಳೇ ಅದನ್ನು ಸರೋವರದಿಂದ ಸರೋವರಕ್ಕೆ ಹೊತ್ತವು.

ಅದು ಶೀತದೇಶದ ಪ್ರಾಣಿಯಲ್ಲವೆ, ನಮಗೇಕೆ ಭಯ ಎನ್ನಬಹುದು. ಆದರೆ ಅದರ ದಾಯಾದಿಯಂತಿರುವ ಚಿನ್ನದ ಕಪ್ಪೆಚಿಪ್ಪು ಬೆಚ್ಚನೆಯ ನೀರಿಗೂ ಒಗ್ಗತಕ್ಕದ್ದು. ಪೂರ್ವ ಏಷ್ಯದಿಂದ ಹೊರಟ ಇದು 1991ರಲ್ಲಿ ಅರ್ಜೆಂಟೀನದಲ್ಲಿ ಕಂಡುಬಂದು, ನದಿಗಳನ್ನೇರಿ ಬ್ರೆಜಿಲಿನ ಇಟೈಪು ಜಲವಿದ್ಯುತ್ ಕೇಂದ್ರವನ್ನು ಮುಟ್ಟಿತು. 2024ರಲ್ಲಿ ಕ್ಯಾಲಿಫೋರ್ನಿಯವನ್ನೂ ಸೇರಿತು. ಸೆಕೆಯೇ ನಮ್ಮ ಕಾವಲೆಂದು ನಂಬಿ ಕೂರುವಂತಿಲ್ಲ.

ಈ ಪ್ರಾಣಿಗಳು ಗಟ್ಟಿಯಾದ ಎಳೆಗಳಿಂದ ಕೊಳವೆಯ ಗೋಡೆಗೆ ಅಂಟಿ, ಒಂದರ ಮೇಲೊಂದು ಬೆಳೆಯುತ್ತವೆ. ಇದರ ಫಲವನ್ನು ಭೌತಶಾಸ್ತ್ರದ ವಿದ್ಯಾರ್ಥಿ ತಾನೇ ಲೆಕ್ಕಹಾಕಬಹುದು. ಒಂದು ಮೀಟರ್ ವ್ಯಾಸದ ಕೊಳವೆಯ ಒಳಗೋಡೆಗೆ ಸುತ್ತಲೂ 5 ಸೆಂಟಿಮೀಟರ್ ದಪ್ಪದ ಪದರ ಕಟ್ಟಿತೆನ್ನೋಣ. ವ್ಯಾಸ 90 ಸೆಂಟಿಮೀಟರಿಗೆ ಇಳಿಯುವುದು. ನೀರು ಹರಿಯುವ ವಿಸ್ತೀರ್ಣ ನೂರಕ್ಕೆ 19ರಷ್ಟು ಕುಗ್ಗುವುದು. ಒತ್ತಡ ಹಿಂದಿನಷ್ಟೇ ಇದ್ದರೆ ಹರಿವು ಸುಮಾರು ಕಾಲುಭಾಗ ಕಡಿಮೆಯಾಗುವುದು. ಚಿಪ್ಪುಗಳಿಂದ ಗೋಡೆ ಒರಟಾಗುವುದರಿಂದ ನಷ್ಟ ಇನ್ನೂ ಹೆಚ್ಚು. 1989ರಲ್ಲಿ ಮಿಷಿಗನ್ ಸಂಸ್ಥಾನದ ಮನ್ರೊ ಪಟ್ಟಣದಲ್ಲಿ ಈ ಕಪ್ಪೆಚಿಪ್ಪು ಸೇರುಕೊಳವೆಯನ್ನು ಕಟ್ಟಿದುದರಿಂದ ನೀರಿನ ಸರಬರಾಜೇ ನಿಂತಿತು.

ಈಗ ನಮ್ಮ ಜಿಲ್ಲೆಯತ್ತ ನೋಡೋಣ. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೆ ಹಬ್ಬಿದೆ. ಹಿರಿಯೂರು, ಚಿತ್ರದುರ್ಗಗಳ ಜನ ಅದರ ನೀರನ್ನು ಕುಡಿಯುತ್ತಾರೆ. 1933ರಲ್ಲಿ ಕೋಡಿ ಬಿದ್ದ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಷ್ಟು ಕಾಲ ನಮ್ಮ ಕೆರೆಗಳು ಬಹುಮಟ್ಟಿಗೆ ಬೇರೆಬೇರೆ ಪಾತ್ರೆಗಳಂತಿದ್ದವು. ಭದ್ರಾ ಮೇಲ್ದಂಡೆ ಯೋಜನೆಯಿಂದ ಅವು ಒಂದಕ್ಕೊಂದು ಕೊಳವೆ ಜೋಡಿಸಿದ ಪಾತ್ರೆಗಳಾಗುತ್ತಿವೆ. ತುಂಗೆಯ ನೀರು ಭದ್ರೆಗೆ, ಭದ್ರೆಯ ನೀರು ವಾಣಿವಿಲಾಸ ಸಾಗರಕ್ಕೆ. ಹೊಸದುರ್ಗ, ಹೊಳಲ್ಕೆರೆಗಳನ್ನೂ ಒಳಗೊಂಡು ನಾಲ್ಕು ಜಿಲ್ಲೆಗಳ 367 ಕೆರೆಗಳನ್ನು ತುಂಬಿಸುವುದು ಯೋಜನೆಯ ಉದ್ದೇಶ. ಬರಗಾಲದ ನಾಡಿಗೆ ಇದು ಮಹದುಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಪಾತ್ರೆಗೆ ಬಿದ್ದದ್ದು ಇನ್ನೊಂದಕ್ಕೆ ಹರಿದೀತು. ಒಂದು ಕೆರೆಯನ್ನು ಮಾತ್ರ ಕಾದರೆ ಸಾಲದು.

ಹೊರಗಿನ ಜೀವಿಯನ್ನು ಒಳಬಿಟ್ಟ ಅನುಭವ ನಮಗೆ ಹೊಸದೇನಲ್ಲ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ ಮೀನು ಇಂದು ಊರೂರ ಕೆರೆಯಲ್ಲಿದೆ. ಆಫ್ರಿಕದ ಕ್ಯಾಟ್‌ಫಿಶ್ ಮೀನನ್ನು ನಾಶಪಡಿಸಬೇಕೆಂದು ಕೇಂದ್ರ ಸರ್ಕಾರ 1997ರಲ್ಲಿಯೇ ಸೂಚಿಸಿತು. ಆದರೂ ಅದು ಇನ್ನೂ ನಿರ್ಮೂಲವಾಗಿಲ್ಲ. ಬಂದ ಮೇಲೆ ಬರೆದ ನಿಯಮಕ್ಕೆ ಬಲ ಕಡಿಮೆ. ಬರುವ ಮುನ್ನ ಬರೆದ ನಿಯಮಕ್ಕೆ ಖರ್ಚು ಕಡಿಮೆ.

ಹಾಗೆಂದು ಅಮೆರಿಕದ ನಿಯಮವನ್ನು ಅಕ್ಷರಶಃ ನಕಲು ಮಾಡಬೇಕಾಗಿಲ್ಲ. ವಿಹಾರದ ದೋಣಿಗಿಂತ ಹೆಚ್ಚಾಗಿ ನಮ್ಮಲ್ಲಿ ಊರಿಂದೂರಿಗೆ ಸಾಗುವುವು ಬಲೆ, ಹರಿಗೋಲು ಮತ್ತು ಮೀನುಮರಿಗಳ ಚೀಲ. ಆದುದರಿಂದ ಮೀನುಗಾರಿಕೆಯ ಪರವಾನಗಿಗೂ ಗುತ್ತಿಗೆಗೂ ಮೂರು ಷರತ್ತುಗಳು ಸೇರಲಿ. ಒಂದು ನೀರಿನಿಂದ ಇನ್ನೊಂದಕ್ಕೆ ಒಯ್ಯುವ ಬಲೆ, ಹರಿಗೋಲುಗಳನ್ನು ತೊಳೆದು ಐದು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಮೀನುಮರಿಗಳನ್ನು ಪರೀಕ್ಷಿಸಿದ ಕೇಂದ್ರಗಳಿಂದಲೇ ತರಬೇಕು. ಚೀಲದ ನೀರನ್ನು ಕೆರೆಗೆ ಸುರಿಯದೆ, ದಡದಿಂದ ದೂರ ಒಣನೆಲಕ್ಕೆ ಚೆಲ್ಲಬೇಕು. ಮುಂದೆ ಪಂದ್ಯ, ಜಲಕ್ರೀಡೆಗಳು ನಡೆದರೆ ಅವಕ್ಕೂ ಇದೇ ನಿಯಮವಿರಲಿ.

ಇದರಿಂದ ಬಡ ಮೀನುಗಾರನ ದಿನದ ಕೂಲಿಗೆ ಕುತ್ತು ಬಾರದೆ? ನ್ಯಾಯವಾದ ಪ್ರಶ್ನೆ. ಒಂದೇ ಜಲಾಶಯದಲ್ಲಿ ನಿತ್ಯವೂ ಬಲೆ ಬೀಸುವವನಿಗೆ ಈ ಷರತ್ತು ತಗಲದು. ನೀರು ಬದಲಿಸುವವನಿಗೆ ಮಾತ್ರ ಅನ್ವಯಿಸುವುದು. ಹಾಗೆ ಹೋಗುವವನಿಗೆ ಒಣಗಿದ ಬಲೆಯೊಂದನ್ನು ಇಲಾಖೆಯೇ ಎರವಲು ಕೊಡಲಿ. ಪಟ್ಟಣಗಳ ನೀರಿನ ಕೊಳವೆಗಳನ್ನು ವರ್ಷವರ್ಷವೂ ಕೆರೆಯುವ ವೆಚ್ಚದ ಮುಂದೆ ಅದು ಅತ್ಯಲ್ಪ.

ಚಿತ್ರದುರ್ಗದ ಬಿಸಿಲನ್ನು ನಾವೆಲ್ಲ ಶಪಿಸುತ್ತೇವೆ. ಈ ಒಂದು ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣವಿಲ್ಲ. ಅದಕ್ಕೆ ಬಾಡಿಗೆಯೂ ಇಲ್ಲ. ಅದನ್ನು ಬಳಸಬೇಕೆಂಬ ಒಂದು ಸಾಲು ಪರವಾನಗಿಯ ಕಾಗದದಲ್ಲಿ ಸೇರಬೇಕಾಗಿದೆ, ಅಷ್ಟೆ.